ಡಿಕ್ರಿ ಕೈಯಲ್ಲಿದೆ, ಹಣವೆಲ್ಲಿ?

ಕಾಫಿ ಸೀಮೆಗೆ ಸಾಲ ಹೊಸದಲ್ಲ. ಹೂಮಳೆ ಸಕಾಲಕ್ಕೆ ಬಿದ್ದರೆ ಅದು ತೀರುತ್ತದೆ. ಬೀಳದಿದ್ದರೆ ಬಡ್ಡಿಯೊಡನೆ ಮರುವರ್ಷಕ್ಕೆ ದಾಟುತ್ತದೆ. 2001ರ ಸುಮಾರಿಗೆ ಲೋಕದ ಪೇಟೆಯಲ್ಲಿ ಧಾರಣೆ ನೆಲಕಚ್ಚಿದಾಗಲೂ, 2019ರ ಆಗಸ್ಟ್ ಮಳೆಗೆ ಮೂಡಿಗೆರೆಯ ಗುಡ್ಡಗಳು ಜರಿದಾಗಲೂ ಹಾನಿ ತೋಟದ ಬೇಲಿಯೊಳಗೇ ನಿಲ್ಲಲಿಲ್ಲ. ತೋಟಕ್ಕೆ ಉದ್ದರಿ ಕೊಟ್ಟ ಪೇಟೆಯ ಅಂಗಡಿಗೂ ಅದು ತಟ್ಟಿತು.

ಮೂಡಿಗೆರೆಯ ಗೊಬ್ಬರದ ವರ್ತಕರೊಬ್ಬರು ಬೆಳೆಗಾರರೊಬ್ಬರ ಮೇಲೆ ದಾವೆ ಹೂಡಿ ಡಿಕ್ರಿ ಪಡೆದರೆಂದು ಭಾವಿಸೋಣ. ಡಿಕ್ರಿಯ ಅಮಲಿಗೆ 12 ವರ್ಷಗಳ ಅವಧಿಯುಂಟು. ಅಮೀನನು ತೋಟದ ಮನೆಗೆ ಬಂದು ಜಪ್ತಿಯ ನೋಟೀಸು ಅಂಟಿಸುತ್ತಾನೆ. ಇನ್ನು ಹರಾಜೊಂದೇ ಬಾಕಿ. ಅಷ್ಟರಲ್ಲಿ ಬೆಳೆಗಾರರು ದಿವಾಳಿಯ ಅರ್ಜಿ ಸಲ್ಲಿಸುತ್ತಾರೆ.

ಇಲ್ಲಿಂದ ಮುಂದೆ ಎಲ್ಲವೂ ತಾರೀಖಿನ ಮಾತು. ವ್ಯಕ್ತಿಗಳ ದಿವಾಳಿತನಕ್ಕೆ ನಮ್ಮಲ್ಲಿ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ. ಅದರ ಪ್ರಕಾರ, ಅರ್ಜಿ ಅಂಗೀಕಾರವಾಗುವ ದಿನಕ್ಕೆ ಮೊದಲೇ ಹರಾಜಿನಿಂದ ಕೈಗೆ ಬಂದ ಹಣ ಡಿಕ್ರಿದಾರರದು. ಹರಾಜು ಆಗಿರದಿದ್ದರೆ, ಜಪ್ತಿಯಾದ ಸ್ವತ್ತು ನ್ಯಾಯಾಲಯ ನೇಮಿಸಿದ ರಿಸೀವರರ ವಶಕ್ಕೆ ಹೋಗುತ್ತದೆ. ದಾವೆಯ ಮತ್ತು ಅಮಲಿನ ಖರ್ಚು ಮಾತ್ರ ಆ ಸ್ವತ್ತಿನಿಂದ ಮೊದಲು ಸಲ್ಲುತ್ತದೆ. ಉಳಿದುದಕ್ಕೆ ವರ್ತಕರೂ ಡಿಕ್ರಿಯೇ ಇಲ್ಲದ ಕೈಸಾಲದವರೊಡನೆ ಒಂದೇ ಸಾಲಿನಲ್ಲಿ ನಿಂತು ಪಾಲು ಪಡೆಯಬೇಕು. ವರ್ಷಗಟ್ಟಲೆ ಕೋರ್ಟು ಅಲೆದವರಿಗೆ ಇದು ಅನ್ಯಾಯವೆನಿಸಿದರೆ ಅಚ್ಚರಿಯಿಲ್ಲ. ಆದರೆ ಮೊದಲು ಓಡಿದವನೇ ಎಲ್ಲವನ್ನೂ ಬಾಚಿಕೊಳ್ಳಬಾರದೆಂಬುದೇ ಕಾಯಿದೆಯ ಹುರುಳು.

ಸಾಲಗಾರರ ಸಂಸಾರವನ್ನು ಬೀದಿಗೆ ಹಾಕಲು ಕಾನೂನು ಒಪ್ಪುವುದಿಲ್ಲ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಗೃಹಿಣಿಯ ತಾಳಿ ಇವು ಜಪ್ತಿಗೂ ರಿಸೀವರರ ಕೈಗೂ ಸಿಕ್ಕವು. ಆಳುಕಾಳುಗಳ ಕೂಲಿಗೂ ಆದ್ಯತೆಯುಂಟು. ಆದರೆ ಹಿಂದಿನ ನಾಲ್ಕು ತಿಂಗಳ ದುಡಿಮೆಗೆ ಮೂಲ ಕಾಯಿದೆ ಇಟ್ಟ ಮಿತಿ ತಲೆಗೆ 20 ರೂಪಾಯಿ! ಇಂದು ಅದು ಹೋಟೆಲಿನ ಒಂದು ಲೋಟ ಕಾಫಿಯ ಬೆಲೆ.

ತೋಟದ ಪತ್ರ ಅಡವಿಟ್ಟುಕೊಂಡ ಬ್ಯಾಂಕಿಗೆ ಈ ಸಾಲಿನ ಗೊಡವೆಯಿಲ್ಲ. ಅಡಮಾನದ ಆಸ್ತಿಯನ್ನು ಅದು ಪ್ರತ್ಯೇಕವಾಗಿ ವಸೂಲಿಗೆ ತರಬಹುದು. ಅದರ ಬಾಕಿ ತೀರಿದ ಮೇಲೆ ಉಳಿದುದಷ್ಟೇ ಮಿಕ್ಕವರಿಗೆ.

ಸಾಲಗಾರನು ಕಂಪನಿಯಾದರೆ ಕ್ರಮವೇ ಬೇರೆ. ಚಿಕ್ಕಮಗಳೂರಿನ ಕಾಫಿಯನ್ನು ದೇಶದ ಪೇಟೆಪೇಟೆಗೂ ಒಯ್ದ ವಿ. ಜಿ. ಸಿದ್ಧಾರ್ಥರು 2019ರ ಜುಲೈನಲ್ಲಿ ತೀರಿಕೊಂಡ ಮೇಲೆ, ಅವರ ಕಾಫಿ ಡೇ ಸಂಸ್ಥೆಗಳು ಸಾಲದ ಹೊರೆ ಇಳಿಸಲು ಹೆಣಗಿದವು. ಅಂಗಡಿಗಳನ್ನು ನಡೆಸುವ ಕಾಫಿ ಡೇ ಗ್ಲೋಬಲ್ ಮೇಲೆ ಇಂಡಸ್‌ಇಂಡ್ ಬ್ಯಾಂಕು ತಂದ ಅರ್ಜಿಯನ್ನು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ 2023ರ ಜುಲೈನಲ್ಲಿ ಅಂಗೀಕರಿಸಿತು. ಆಗಸ್ಟಿನಲ್ಲಿ ಮೇಲ್ಮನವಿಯಲ್ಲಿ ತಡೆ ದೊರೆತು, ಬಳಿಕ ರಾಜಿಯಾಯಿತು. 2016ರ ದಿವಾಳಿ ಸಂಹಿತೆಯಲ್ಲಿ ಇಂತಹ ಅಂಗೀಕಾರದೊಡನೆ ದಾವೆಗಳು, ಡಿಕ್ರಿಯ ಅಮಲು, ಅಡಮಾನದ ವಸೂಲಿ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ, ಬ್ಯಾಂಕೂ ಕಾಯಬೇಕು. ಒಂಟಿ ಬೆಳೆಗಾರನಿಗೆ ಇಲ್ಲದ ಆಸರೆ ಇದು.

ಮತ್ತೆ ನಮ್ಮ ಬೆಳೆಗಾರರ ಮಾತಿಗೆ ಬರೋಣ. ದಿವಾಳಿಯೆಂದು ಘೋಷಿತರಾದ ಮಾತ್ರಕ್ಕೆ ಅವರ ಸಾಲ ಅಳಿಯದು. ಗೊತ್ತುಪಡಿಸಿದ ಅವಧಿಯೊಳಗೆ ಅವರು ವಿಮೋಚನೆಯನ್ನು ಬೇಡಬೇಕು; ಬೇಡದಿದ್ದರೆ ಘೋಷಣೆಯೇ ರದ್ದಾಗಬಹುದು. ವಿಮೋಚನೆ ದೊರೆತ ಮೇಲೆ ಹಳೆಯ ಡಿಕ್ರಿಗೆ ಅವರ ವಿರುದ್ಧ ಬಲವಿಲ್ಲ. ಸರಕಾರದ ಬಾಕಿ ಮತ್ತು ಮೋಸದಿಂದ ಮಾಡಿದ ಸಾಲಗಳು ಮಾತ್ರ ಬೆನ್ನು ಬಿಡವು.

ಜಾಮೀನು ಹಾಕಿದವರ ಪಾಡೇನು? ವಿಮೋಚನೆ ಸಾಲಗಾರರಿಗೆ ಮಾತ್ರ. ಕಳಸದಲ್ಲಿರುವ ಭಾವನವರು ನಂಟಸ್ತಿಕೆಯ ದಾಕ್ಷಿಣ್ಯಕ್ಕೆ ಪ್ರೋನೋಟಿಗೆ ಸಹಿ ಹಾಕಿದ್ದರೆ, ಅಮೀನನು ಮುಂದೆ ತಟ್ಟುವ ಬಾಗಿಲು ಅವರದೇ.