ಬೆಳೆದಂತೆ ಹೆಸರು ಬದಲಿಸುವ ಮೀನು

ಜಪಾನಿನ ತೊಯಾಮಾ ಕೊಲ್ಲಿಗೆ ಚಳಿಗಾಲ ಬರುವುದು ಗುಡುಗಿನ ಜೊತೆಗೆ. ಕಡಲು ಕಪ್ಪಿಟ್ಟು ಮುಗಿಲು ಮೊಳಗಿದರೆ ಹಿಮಿ ಬಂದರಿನ ಮೀನುಗಾರರು ಅದನ್ನು ‘ಬುರಿ ಒಕೋಶಿ’ ಎನ್ನುತ್ತಾರೆ, ಅಂದರೆ ಬುರಿಯನ್ನು ಎಬ್ಬಿಸುವ ಗುಡುಗು. ಉತ್ತರದ ತಣ್ಣೀರಿನಲ್ಲಿ ಮೇದು ಕೊಬ್ಬಿದ ಬುರಿ ಮೀನುಗಳು ದಕ್ಷಿಣಕ್ಕೆ ಇಳಿಯುವ ಕಾಲ ಅದು. ಕೊಲ್ಲಿಯಲ್ಲಿ ಕಟ್ಟಿಟ್ಟ ದೊಡ್ಡ ಬಲೆಗಳು ಅವುಗಳ ದಾರಿ ಕಾಯುತ್ತಿರುತ್ತವೆ.

ಇಂಗ್ಲಿಷಿನಲ್ಲಿ ಈ ಮೀನು ಒಮ್ಮೆ ಯೆಲ್ಲೋಟೇಲ್, ಒಮ್ಮೆ ಅಂಬರ್‌ಜಾಕ್. ಟೆಮ್ಮಿಂಕ್ ಮತ್ತು ಶ್ಲೇಗಲ್ ಎಂಬ ವಿಜ್ಞಾನಿಗಳು 1845ರಲ್ಲಿ ಇದಕ್ಕೆ ‘ಸೆರಿಯೋಲಾ ಕ್ವಿಂಕ್ವೆರೇಡಿಯಾಟಾ’ ಎಂದು ಹೆಸರಿಟ್ಟರು. ಆದರೆ ಇಂದು ಸುಶಿ ತಿನ್ನುವ ಊರುಗಳಲ್ಲೆಲ್ಲ ಜನ ಇದನ್ನು ಕೇಳಿ ಪಡೆಯುವುದು ‘ಹಮಾಚಿ’ ಎಂದು. ಆ ಒಂದು ಪದ ಇಷ್ಟು ದೂರ ಬಂದ ದಾರಿ ತಿಳಿಯುವಂಥದ್ದು.

ಮಾವಿಗೆ ನಾವು ಮಿಡಿ, ಕಾಯಿ, ದೋರೆಗಾಯಿ, ಹಣ್ಣು ಎನ್ನುವಂತೆ ಜಪಾನೀಯರು ಈ ಮೀನಿಗೆ ವಯಸ್ಸಿಗೊಂದು ಹೆಸರಿಟ್ಟಿದ್ದಾರೆ. ಒಸಾಕಾ ಸುತ್ತಿನಲ್ಲಿ ಮೊದಲು ತ್ಸುಬಾಸು. 40 ಸೆಂಟಿಮೀಟರ್ ದಾಟಿದರೆ ಹಮಾಚಿ. 60 ದಾಟಿದರೆ ಮೆಜಿರೊ. 80 ದಾಟಿದ ಮೇಲೆಯೇ ಬುರಿ. ಟೋಕಿಯೊ ಕಡೆ ಇದೇ ಮೆಟ್ಟಿಲುಗಳಿಗೆ ವಕಾಶಿ, ಇನಾದಾ, ವರಾಸಾ, ಬುರಿ ಎಂಬ ಹೆಸರು. ತೊಯಾಮಾದವರ ಹೆಸರುಗಳೇ ಬೇರೆ. ಹೆಚ್ಚಿನ ಕಡೆ ಕೊನೆಯ ಮೆಟ್ಟಿಲು ಮಾತ್ರ ಬುರಿ. ಹೀಗೆ ಬೆಳೆಯುತ್ತ ಹೆಸರು ಬದಲಿಸುವ ಮೀನುಗಳಿಗೆ ‘ಶುಸ್ಸೆ ಉವೊ’, ಏಳಿಗೆಯ ಮೀನು, ಎನ್ನುತ್ತಾರೆ. ಹಿಂದೆ ಸಮುರಾಯ್‌ಗಳೂ ಪದವಿ ಏರಿದಂತೆ ಹೆಸರು ಬದಲಿಸುತ್ತಿದ್ದರು. ಕಿನೊಶಿತಾ ತೊಕಿಚಿರೊ ಆಗಿದ್ದವನು ಹಶಿಬಾ ಹಿದೆಯೋಶಿಯಾಗಿ, ಕೊನೆಗೆ ದೇಶ ಆಳಿದ ತೊಯೊತೊಮಿ ಹಿದೆಯೋಶಿಯಾದ.

ಹಮಾಚಿ ಎಂಬುದು ಹೀಗೆ ಒಂದು ಸೀಮೆಯ ಜನ ಹರೆಯದ ಮೀನಿಗೆ ಇಟ್ಟ ಹೆಸರು, ಅಷ್ಟೇ. ಅದರ ಹಣೆಬರಹ ಬದಲಾದದ್ದು ಕಗಾವಾ ಪ್ರಾಂತದ ಹಿಕೆತಾ ಎಂಬ ಊರಿನಲ್ಲಿ. ಅಲ್ಲಿ ಸೆತೊ ಒಳಗಡಲಿಗೆ ಬಾಯಿ ತೆರೆದ ಆದೊ ಎಂಬ ಹಿನ್ನೀರ ಕೊಳವಿದೆ. ನೊಅಮಿ ವಸಾಬುರೊ ಎಂಬ ಯುವಕ ಆ ಕೊಳದಲ್ಲಿ ಮರಿಗಳನ್ನು ಬಿಟ್ಟು, ಸಣ್ಣ ಮೀನು ಉಣಿಸಿ, 1928ರಲ್ಲಿ ಹಮಾಚಿ ಸಾಕಣೆಯನ್ನು ಮಾಡಿ ತೋರಿಸಿದ. ಕಡಲು ಕೊಟ್ಟಷ್ಟನ್ನೇ ಹಿಡಿದು ಬದುಕುತ್ತಿದ್ದವರಿಗೆ ಕಡಲಿನಲ್ಲೇ ಬೆಳೆ ತೆಗೆಯಬಹುದೆಂಬ ಧೈರ್ಯ ಬಂದದ್ದು ಅಲ್ಲಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಕೆಲಸ ಪಶ್ಚಿಮ ಜಪಾನಿನ ಕರಾವಳಿಗೆಲ್ಲ ಹಬ್ಬಿತು. ವಸಂತದಲ್ಲಿ ತೇಲುವ ಕಡಲಪಾಚಿಯ ನೆರಳಲ್ಲಿ ಅಡಗಿರುವ ‘ಮೊಜಾಕೊ’ ಮರಿಗಳನ್ನು ಹಿಡಿದು ಬಲೆಯ ಪಂಜರದಲ್ಲಿ ಬೆಳೆಸುವ ಕ್ರಮ ನೆಲೆ ನಿಂತಿತು.

ಸಾಕಿದ ಮೀನು ಹಮಾಚಿ ಗಾತ್ರದಲ್ಲೇ ಪೇಟೆಗೆ ಬಂತು, ಆ ಹೆಸರಿನಲ್ಲೇ ಟೋಕಿಯೊ ತಲುಪಿತು. ಆ ಗಾತ್ರದ ಮೀನಿಗೆ ಇನಾದಾ ಎನ್ನುತ್ತಿದ್ದ ಆ ಊರಲ್ಲಿ ಹಮಾಚಿ ಎಂದರೆ ಸಾಕಿದ್ದು ಎಂದಾಯಿತು. ಅಲ್ಲಿಂದ ಹಡಗು, ವಿಮಾನ ಹತ್ತಿ ಹೋದ ಮೇಲೆ ಅದು ಇಡೀ ಜಾತಿಯ ಹೆಸರಾಯಿತು. ಪರದೇಶದವರೆಲ್ಲ ಮಾವಿನಹಣ್ಣನ್ನೂ ‘ಮಿಡಿ’ ಎಂದೇ ಕರೆದಂತೆ.

ಗೊಂದಲ ಅಲ್ಲಿಗೆ ಮುಗಿಯಲಿಲ್ಲ. ಕ್ಯಾಲಿಫೋರ್ನಿಯಾದ ಯೆಲ್ಲೋಟೇಲ್ ಬುರಿಯ ದಾಯಾದಿ, ಬುರಿಯಲ್ಲ. ಅದನ್ನೂ ಜಪಾನಿನ ಹಿರಮಾಸಾ ಎಂಬ ಮೀನನ್ನೂ ದಕ್ಷಿಣಾರ್ಧದ ಕಡಲುಗಳ ಸೆರಿಯೋಲಾ ಲಲಾಂಡಿಯನ್ನೂ ಬಹುಕಾಲ ಒಂದೇ ಎಂದು ಎಣಿಸಿದ್ದರು. ಅವು ಮೂರು ಬೇರೆ ಜಾತಿಗಳೆಂದು 2015ರಲ್ಲಿ ವಂಶವಾಹಿ ಅಧ್ಯಯನ ಹೇಳಿತು. ಅಂಬರ್‌ಜಾಕ್ ಎಂದು ಹೆಚ್ಚಾಗಿ ಕರೆಸಿಕೊಳ್ಳುವುದು ಇನ್ನೊಂದು ಮೀನು, ಮೈಯುದ್ದ ಜೇನುಬಣ್ಣದ ಪಟ್ಟೆಯ ಸೆರಿಯೋಲಾ ಡುಮೆರಿಲಿ. ಜಪಾನೀಯರಿಗೆ ಅದು ಕಂಪಾಚಿ: ಎರಡು ಕಣ್ಣುಗಳ ನಡುವಿನ ಕಪ್ಪು ಗೆರೆ ಅವರ ಲಿಪಿಯ ಎಂಟರಂತೆ, ಅಂದರೆ ‘ಹಾಚಿ’ಯಂತೆ, ಕಾಣುವುದರಿಂದ ಆ ಹೆಸರು. ಕೊಯ್ದಿಟ್ಟ ಹೋಳಿನಲ್ಲೂ ವ್ಯತ್ಯಾಸ ಕಾಣುತ್ತದೆ. ಹಮಾಚಿಯ ಅಂಚಿನ ಕೆಂಪು ಮಾಂಸ ಬೇಗ ಕಂದು ತಿರುಗುತ್ತದೆ, ಕಂಪಾಚಿಯದು ಹೆಚ್ಚು ಹೊತ್ತು ಬಣ್ಣ ಉಳಿಸಿಕೊಳ್ಳುತ್ತದೆ.

ಈ ಗೊಂದಲದ ಒಂದು ಎಳೆ ನಮ್ಮ ಕರಾವಳಿಗೂ ತಾಗುತ್ತದೆ. ಮಂಗಳೂರಿನ ಅಂಜಲ್, ಕಾರವಾರದ ಇಸ್ವಾಣ ನಮ್ಮ ಹೋಟೆಲುಗಳಲ್ಲಿ ಕಿಂಗ್ ಫಿಶ್. ಅದೇ ಮಾತನ್ನು ನಂಬಿ ಸಿಡ್ನಿಯಲ್ಲಿ ಕಿಂಗ್‌ಫಿಶ್ ಕೇಳಿದರೆ ಕೈಗೆ ಬರುವುದು ಸೆರಿಯೋಲಾ ಲಲಾಂಡಿ. ನಮ್ಮ ಅಂಜಲ್‌ಗೆ ಅಲ್ಲಿ ಸ್ಪ್ಯಾನಿಷ್ ಮ್ಯಾಕೆರೆಲ್ ಎನ್ನಬೇಕು. ಪೇಟೆಯ ಹೆಸರು ಊರು ಬಿಟ್ಟರೆ ದಾರಿ ತಪ್ಪಿಸುತ್ತದೆ. ಅಂಜಲ್ ಎಂದು ಕೇಳಿ ಕೊಳ್ಳುವ ಅಭ್ಯಾಸವನ್ನು ಅದಕ್ಕೇ ಬಿಡಬಾರದು.

ತೊಯಾಮಾದಲ್ಲಿ ಮಗಳ ಮದುವೆಯಾದ ವರ್ಷ, ವರ್ಷದ ಕೊನೆಗೆ, ತವರಿನವರು ಬೀಗರ ಮನೆಗೆ ಇಡೀ ಬುರಿಯೊಂದನ್ನು ಕಳಿಸುತ್ತಾರೆ. ಅಳಿಯ ಈ ಮೀನಿನಂತೆ ಏಳಿಗೆ ಕಾಣಲಿ ಎಂಬ ಹಾರೈಕೆ ಅದು. ಬೀಗರು ಅರ್ಧ ಮೀನನ್ನು ತವರಿಗೆ ಮರಳಿಸುವ ರೂಢಿಯೂ ಉಂಟು. ಆ ಉಡುಗೊರೆಗೆ ಹಮಾಚಿ ಸಲ್ಲದು. ಕೆಳಗಿನ ಹೆಸರುಗಳನ್ನೆಲ್ಲ ಒಂದೊಂದಾಗಿ ದಾಟಿ ಬಂದ ಮೀನೇ ಆಗಬೇಕು.