ಶುಶ್ರೂಷಾ ಪದವಿಯ ಪ್ರವೇಶ: ಅಮ್ಮಿನಬಾವಿಯ ಕಡೆಯಿಂದ ಒಂದು ವಿವೇಚನೆ

ರೋಗಿಯ ಆರೈಕೆಯು ಮನೆಯ ಹೆಂಗಸರ ಕೆಲಸವೆಂದೂ, ಅದಕ್ಕೆ ಪ್ರತ್ಯೇಕವಾದ ವಿದ್ಯೆಯ ಅವಶ್ಯಕತೆಯಿಲ್ಲವೆಂದೂ ನಮ್ಮ ಜನ ಬಹುಕಾಲ ಎಣಿಸಿದ್ದರು. ಹೆರಿಗೆಗೆ ಸೂಲಗಿತ್ತಿ, ಜ್ವರಕ್ಕೆ ಮನೆಯ ಅಜ್ಜಿ; ಇದಕ್ಕೆ ಮೀರಿದುದು ದೈವೇಚ್ಛೆ. ಶುಶ್ರೂಷೆಯು ಭಾರತದಲ್ಲಿ ವಿಶ್ವವಿದ್ಯಾಲಯದ ಪದವಿಯ ಮಟ್ಟಕ್ಕೆ ಏರಿದ್ದು 1946ರಲ್ಲಿ. ಆ ವರ್ಷ ದಿಲ್ಲಿಯ ನರ್ಸಿಂಗ್ ಕಾಲೇಜಿನಲ್ಲಿಯೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ ಬಿ.ಎಸ್‌ಸಿ. ವ್ಯಾಸಂಗ ಮೊದಲಾಯಿತು. ಅದೇ ವರ್ಷ ಹೊರಬಿದ್ದ ಭೋರ್ ಸಮಿತಿಯ ವರದಿಯು, ಈ ದೇಶದಲ್ಲಿ 43,000 ಜನರಿಗೆ ಒಬ್ಬ ದಾದಿ ಇರುವಳೆಂದು ಲೆಕ್ಕ ಹಾಕಿತ್ತು. ಮರುವರ್ಷ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದಿತು. ಇಷ್ಟು ಹಿನ್ನೆಲೆ ಸಾಕು. ನಮ್ಮ ಪ್ರಕೃತ ವಿಷಯವು ಇತಿಹಾಸವಲ್ಲ, ಪ್ರವೇಶ.

ಅಮ್ಮಿನಬಾವಿಯು ಧಾರವಾಡದಿಂದ ಸವದತ್ತಿಯ ಕಡೆಗೆ ಹೋಗುವ ದಾರಿಯಲ್ಲಿ, ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿರುವ ಹಳೆಯ ಊರು. ನಗರಕ್ಕೆ ಇಷ್ಟು ಸಮೀಪದಲ್ಲಿದ್ದೂ ನಗರವಾಗದ ಊರುಗಳ ವಿದ್ಯಾರ್ಥಿಗೆ ಒಂದು ವಿಚಿತ್ರ ಸ್ಥಿತಿಯುಂಟು: ಒಳ್ಳೆಯ ಶಾಲೆ ಬಸ್ಸಿನ ದೂರದಲ್ಲಿದೆ, ಹಳ್ಳಿಯವನೆಂಬ ಹಕ್ಕು ಊರಿನಲ್ಲಿದೆ, ಒಂದನ್ನು ಹಿಡಿಯಹೋದರೆ ಇನ್ನೊಂದು ಕೈಬಿಡುವ ಸಂಭವವಿದೆ. ಕಾಲೇಜಿನ ಅಧ್ಯಾಪಕರು ಇದನ್ನು ತಿಳಿದಿರುವುದು ಅವಶ್ಯ. ಏಕೆಂದರೆ ವಿದ್ಯಾರ್ಥಿ ನಮ್ಮಲ್ಲಿಗೆ ಬರುವ ವೇಳೆಗೆ ಅರ್ಧ ನಿರ್ಣಯಗಳು ಆಗಿಹೋಗಿರುತ್ತವೆ.

ಮೊದಲನೆಯ ನಿರ್ಣಯವು ಹತ್ತನೆಯ ತರಗತಿಯ ಬಳಿಕ ಬರುತ್ತದೆ. ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗಿಗೆ ಪದವಿಪೂರ್ವದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು, ಇಂಗ್ಲಿಷಿನಲ್ಲಿ ತೇರ್ಗಡೆಯಾಗಿರಬೇಕು. ಪರಿಷತ್ತಿನ ನಿಯಮದಂತೆ ಶೇಕಡಾ 45 ಅಂಕಗಳು ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳವರಿಗೆ ಶೇಕಡಾ 40. ಪ್ರವೇಶದ ವರ್ಷದ ಡಿಸೆಂಬರ 31ಕ್ಕೆ ಹದಿನೇಳು ವರ್ಷ ತುಂಬಿರಬೇಕು. ಕಲಾವಿಭಾಗವನ್ನು ಆರಿಸಿಕೊಂಡ ಹುಡುಗಿಗೆ ಈ ಬಾಗಿಲು ನೇರವಾಗಿ ತೆರೆಯದು. ಆಕೆ ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಪಡೆದು, ದಾದಿಯಾಗಿ ನೋಂದಣಿ ಮಾಡಿಸಿಕೊಂಡು, ಆಮೇಲೆ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಪದವಿಗೆ ಸೇರಬಹುದು. ದಾರಿ ಸುತ್ತಿನದು, ಆದರೆ ಮುಚ್ಚಿದ್ದಲ್ಲ. ಎರಡು ವರ್ಷಗಳ ಎ.ಎನ್.ಎಂ. ಬೇರೆಯೇ ಆದ ತರಬೇತಿ. ಹಳ್ಳಿಯಲ್ಲಿ ‘ನರ್ಸ ಬಾಯಿ’ ಎಂದು ಎಲ್ಲರನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಪಾಲಕರಲ್ಲಿ ಈ ಮೂರರ ಭೇದ ಮಸುಕಾಗಿದೆ.

ಎರಡನೆಯದು ಮೀಸಲಾತಿಯ ವಿಷಯ. ಕರ್ನಾಟಕದ ಸರಕಾರಿ ಸೀಟುಗಳಲ್ಲಿ, ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ಣ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15ರಷ್ಟು, ಅಷ್ಟೇ ಅವಧಿಯನ್ನು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರಷ್ಟು ಮೀಸಲಾತಿಯುಂಟು. ಇವೆರಡೂ ಆಯಾ ವರ್ಗದ ಒಳಗೇ ಲೆಕ್ಕಕ್ಕೆ ಬರತಕ್ಕವು. ಅಮ್ಮಿನಬಾವಿಯ ಕನ್ನಡ ಶಾಲೆಯಲ್ಲಿಯೇ ಹತ್ತು ವರ್ಷ ಕಳೆದ ಮಗುವಿಗೆ ಎರಡೂ ಸಲ್ಲುತ್ತವೆ. ಆದರೆ ಎಂಟನೆಯ ತರಗತಿಗೆ ಧಾರವಾಡದ ಹೈಸ್ಕೂಲಿಗೆ ಹೋದ ಮಗುವಿಗೆ ಗ್ರಾಮೀಣದ ಹಕ್ಕು ಪೂರ್ತಿಯಾಗಿ ತಪ್ಪುತ್ತದೆ. ಏಳು ವರ್ಷದ ಓದಿಗೆ ಏಳರಷ್ಟು ಪಾಲು ಎಂಬುದಿಲ್ಲ. ಇಲ್ಲಿ ಮನೆಯಿರುವ ಊರನ್ನಲ್ಲ, ಶಾಲೆಯಿರುವ ಊರನ್ನು ನೋಡಲಾಗುತ್ತದೆ. 1962ರಲ್ಲಿ ರಚಿತವಾದ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯ ಎಲ್ಲೆಯೊಳಗೆ ಸೇರಿದ ಊರುಗಳು ನೋಟಕ್ಕೆ ಹಳ್ಳಿಯಾಗಿದ್ದರೂ ಈ ಲೆಕ್ಕಕ್ಕೆ ಹಳ್ಳಿಗಳಲ್ಲ. ಒಳ್ಳೆಯ ಶಾಲೆಗಾಗಿ ಮಗುವನ್ನು ನಗರಕ್ಕೆ ಕಳಿಸಿದ ತಂದೆತಾಯಿಗಳನ್ನು ಯಾರೂ ದೂರಲಾರರು. ಆದರೆ ತಿಳಿದು ಕಳಿಸುವುದಕ್ಕೂ ತಿಳಿಯದೆ ಕಳಿಸುವುದಕ್ಕೂ ಅಂತರವಿದೆ. ಇನ್ನು 371-ಜೆ ವಿಧಿಯ ಸೌಲಭ್ಯವು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸೀಮಿತವಾದುದು. ಧಾರವಾಡ ಜಿಲ್ಲೆಗೆ ಅದು ಅನ್ವಯಿಸದು.

ಹಕ್ಕಿದ್ದರೆ ಸಾಲದು, ಕಾಗದ ಬೇಕು. ವ್ಯಾಸಂಗದ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿಯೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಅವಶ್ಯ. ಜಾತಿ ಮತ್ತು ಆದಾಯದ ಪತ್ರಗಳನ್ನು ನಾಡಕಚೇರಿಯಿಂದ ಪಡೆಯಬೇಕು. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳುವುದಾದರೆ ತಾವು ಮೇಲ್‌ಸ್ತರಕ್ಕೆ ಸೇರಿದವರಲ್ಲವೆಂಬ ಪತ್ರವನ್ನೂ ಒದಗಿಸತಕ್ಕದ್ದು. ಶಾಲೆಯ ದಾಖಲೆಯಲ್ಲಿ, ಅಂಕಪಟ್ಟಿಯಲ್ಲಿ, ಆಧಾರ್ ಚೀಟಿಯಲ್ಲಿ ಹೆಸರು ಮೂರು ಬಗೆಯಾಗಿದ್ದರೆ ಆ ತೊಡಕನ್ನು ಪರೀಕ್ಷೆಯ ವರ್ಷದಲ್ಲಲ್ಲ, ಅದರ ಹಿಂದಿನ ವರ್ಷವೇ ಬಿಡಿಸಿಕೊಳ್ಳುವುದು ಲೇಸು.

ಇನ್ನು ಪರೀಕ್ಷೆ. ಪರಿಷತ್ತು 2021ರಲ್ಲಿ ಪ್ರಕಟಿಸಿದ ಹೊಸ ನಿಯಮಾವಳಿಯು ಪದವಿಯ ಪ್ರವೇಶಕ್ಕೆ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಕರ್ನಾಟಕದಲ್ಲಿ 2023ರಿಂದ ಈ ಪ್ರವೇಶವು ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ.ಯ ಮೂಲಕ ನಡೆಯತೊಡಗಿತು. ಮೂರು ವಿಜ್ಞಾನಗಳಿಗೆ ಪ್ರತ್ಯೇಕ ಪತ್ರಿಕೆಗಳು. ಪ್ರತಿಯೊಂದರಲ್ಲಿ 60 ಪ್ರಶ್ನೆಗಳು, 60 ಅಂಕಗಳು, 80 ನಿಮಿಷಗಳ ಕಾಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯಿಲ್ಲ. ಆದುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡುವುದು ಅವಿವೇಕ. 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯಿದೆಯೂ ಅಂಗೀಕೃತವಾಗಿರುವುದರಿಂದ ನಿಯಮಗಳು ಮಾರ್ಪಾಡಾಗಬಹುದು. ಹಿಂದಿನ ವರ್ಷದ ಅಕ್ಕನ ಮಾತಿಗಿಂತ ಈ ವರ್ಷದ ಪ್ರಕಟಣೆಯನ್ನು ನಂಬತಕ್ಕದ್ದು.

ಸಿದ್ಧತೆಯಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷವೆಂದರೆ, ‘ದಾದಿಯ ಓದಿಗೆ ಜೀವಶಾಸ್ತ್ರವೊಂದೇ ಮುಖ್ಯ’ ಎಂಬ ಭಾವನೆ. ಮೂರು ಪತ್ರಿಕೆಗಳ ಅಂಕಗಳು ಸಮಾನ. ಜೀವಶಾಸ್ತ್ರದಲ್ಲಿಯೂ ಮಾನವ ಶರೀರದ ಅಧ್ಯಾಯಗಳನ್ನು ಪ್ರೀತಿಯಿಂದ ಓದಿ ಸಸ್ಯಗಳನ್ನು ಬಿಟ್ಟವರು ತಮ್ಮ ಅಂಕಗಳನ್ನು ತಾವೇ ಬಿಟ್ಟುಕೊಟ್ಟಂತೆ. ಪ್ರಥಮ ಪಿ.ಯು.ಸಿ.ಯ ಪಾಠಗಳಿಂದಲೂ ಪ್ರಶ್ನೆಗಳು ಬರುವುದರಿಂದ ಆ ವರ್ಷವನ್ನು ವಿಶ್ರಾಂತಿಯ ವರ್ಷವೆಂದು ಎಣಿಸುವಂತಿಲ್ಲ.

ಭೌತಶಾಸ್ತ್ರ, ಗಣಿತಗಳು ರೋಗಿಯ ಹಾಸಿಗೆಯ ಪಕ್ಕದಲ್ಲಿ ಏತಕ್ಕೆ ಬೇಕೆಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳುವುದುಂಟು. ಒಂದು ಉದಾಹರಣೆಯನ್ನು ನೋಡೋಣ. ರೋಗಿಗೆ 500 ಮಿಲಿಲೀಟರು ಸಲೈನನ್ನು ನಾಲ್ಕು ತಾಸುಗಳಲ್ಲಿ ಕೊಡಬೇಕೆಂದು ವೈದ್ಯರ ಆದೇಶವಿದೆ. ನಳಿಕೆಯು ಒಂದು ಮಿಲಿಲೀಟರಿಗೆ 15 ಹನಿ ಬೀಳಿಸುವಂಥದು. ಒಟ್ಟು ಹನಿಗಳು 7,500. ಕಾಲ 240 ನಿಮಿಷ. ಎಂದರೆ ನಿಮಿಷಕ್ಕೆ ಸುಮಾರು 31 ಹನಿ. ಕಾಲವನ್ನು ತಾಸಿನಿಂದ ನಿಮಿಷಕ್ಕೆ ತರುವಲ್ಲಿ ತಪ್ಪಿದರೆ ಹೃದಯ ದುರ್ಬಲವಾದ ರೋಗಿಗೆ ಅದು ಪ್ರಾಣಾಪಾಯ. ಅದೇ ಸಲೈನಿನ ಲೀಟರಿನಲ್ಲಿ 9 ಗ್ರಾಂ ಉಪ್ಪು ಏಕೆ, ಬರಿಯ ನೀರನ್ನೇ ರಕ್ತನಾಳಕ್ಕೆ ಬಿಟ್ಟರೆ ಕೆಂಪು ಕಣಗಳು ಒಡೆಯುವುದೇಕೆ ಎಂಬುದು ಪರಾಸರಣದ ಪಾಠ. ಈ ರೀತಿ ಕಲಿಸಿದರೆ ರಸಾಯನಶಾಸ್ತ್ರವು ನೀರಸವೆಂಬ ದೂರು ಕಡಮೆಯಾದೀತು.

ಕನ್ನಡ ಮಾಧ್ಯಮದಿಂದ ಬಂದವರಿಗೆ ನಿಜವಾದ ಏರು ಭಾಷೆಯದು. ಪಠ್ಯಗಳು, ಔಷಧಿಯ ಚೀಟಿ, ರೋಗಿಯ ದಾಖಲೆ ಎಲ್ಲವೂ ಇಂಗ್ಲಿಷಿನಲ್ಲಿರುತ್ತವೆ. ಪ್ರತಿದಿನ ಹತ್ತು ಪಾರಿಭಾಷಿಕ ಪದಗಳನ್ನು ಕನ್ನಡ ಅರ್ಥದೊಡನೆ ಬರೆದುಕೊಂಡು ಎರಡು ವರ್ಷ ನಡೆಸಿದವರಿಗೆ ಮೊದಲ ಸೆಮಿಸ್ಟರು ಅಷ್ಟು ಕಠಿಣವೆನಿಸದು. ಮುಂದೆ ಆಸ್ಪತ್ರೆಯ ವಾರ್ಡಿನಲ್ಲಿ ಸವದತ್ತಿಯ ಕಡೆಯ ಮುದುಕಿಯೊಬ್ಬಳು ‘ಹೊಟ್ಟ್ಯಾಗ ಸಂಕಟಾಗತೈತಿ’ ಎಂದಾಗ ಅದನ್ನು ಅರಿತು ದಾಖಲಿಸುವ ಸಾಮರ್ಥ್ಯವು ಇದೇ ವಿದ್ಯಾರ್ಥಿಗೆ ಹುಟ್ಟಿನಿಂದ ಬಂದಿರುತ್ತದೆಂಬುದನ್ನೂ ಮರೆಯಲಾಗದು.

ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗಳು ತಮ್ಮದೇ ಪರೀಕ್ಷೆಯನ್ನು ನಡೆಸುತ್ತವೆ; ಅದರ ಅರ್ಜಿ ಬೇರೆ. ಸೈನಿಕ ಶುಶ್ರೂಷಾ ಸೇವೆಯ ಪದವಿಗೆ ಅವಿವಾಹಿತ ಯುವತಿಯರು ನೀಟ್ ಪರೀಕ್ಷೆಯ ಮೂಲಕ ಹೋಗಬೇಕು. ಆ ಕಾಲೇಜುಗಳಲ್ಲಿ ಒಂದು ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿದೆ. ಸಿ.ಇ.ಟಿ.ಗೆ ಮಾಡಿದ ಸಿದ್ಧತೆ ಇವೆರಡಕ್ಕೂ ಆಧಾರವಾಗುವುದಾದರೂ ಅಲ್ಲಿಯ ಸ್ಪರ್ಧೆ ಹೆಚ್ಚಿನದು.

ಶ್ರೇಣಿ ಬಂದ ಮೇಲೆ ಕಾಲೇಜುಗಳ ಆಯ್ಕೆ. ತನಗೆ ಸಿಕ್ಕೀತೆಂದು ತೋರುವ ಕಾಲೇಜನ್ನು ಮೊದಲಿಡುವುದು ಹಲವರ ರೂಢಿ, ಇದು ಸರಿಯಲ್ಲ. ಹಂಚಿಕೆಯು ಮೇಲಿನಿಂದ ಕೆಳಕ್ಕೆ ನಡೆಯುವುದರಿಂದ, ನಿಜವಾಗಿ ಬೇಕಾದುದನ್ನೇ ಮೊದಲಿಟ್ಟರೆ ಯಾವ ನಷ್ಟವೂ ಇಲ್ಲ. ಕಾಲೇಜನ್ನು ಅಳೆಯುವಾಗ ಕಟ್ಟಡವನ್ನಲ್ಲ, ಆಸ್ಪತ್ರೆಯನ್ನು ನೋಡಬೇಕು. ಕನಿಷ್ಠ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಇರಬೇಕೆಂಬುದು ಪರಿಷತ್ತಿನ ನಿಬಂಧನೆ. ಆ ಹಾಸಿಗೆಗಳಲ್ಲಿ ರೋಗಿಗಳಿರುವರೇ, ವಿದ್ಯಾರ್ಥಿಗಳು ಅಭ್ಯಾಸಕ್ಕೆ ಎಲ್ಲಿಗೆ ಹೋಗುತ್ತಾರೆ, ರಾತ್ರಿಯ ಪಾಳಿಗೆ ವಸತಿ ಎಷ್ಟು ದೂರ ಎಂಬುದನ್ನು ಪಾಲಕರು ಹೋಗಿ ಕೇಳಲಿ. ಸಂಸ್ಥೆಗೆ ರಾಜ್ಯ ಪರಿಷತ್ತಿನ ಮನ್ನಣೆಯೂ, 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಮಾನ್ಯತೆ ಪಡೆದ ಬೇರೆ ವಿಶ್ವವಿದ್ಯಾಲಯದ ಸಂಯೋಜನೆಯೂ ಇರುವುದನ್ನು ಖಚಿತಮಾಡಿಕೊಳ್ಳದೆ ಶುಲ್ಕ ಕಟ್ಟಬಾರದು.

ಸೇರಿದ ಬಳಿಕ ಪಾಠಗಳಲ್ಲಿ ಶೇಕಡಾ 80ರ ಹಾಜರಿ ಸಾಕು. ಆಸ್ಪತ್ರೆಯ ಅಭ್ಯಾಸದಲ್ಲಿ ಪದವಿ ಪಡೆಯುವ ಮುನ್ನ ಶೇಕಡಾ ನೂರನ್ನೂ ತುಂಬಿಸಿಕೊಡಬೇಕು. ಸುಗ್ಗಿಗೆ ಹದಿನೈದು ದಿನ ಮಗಳನ್ನು ಮನೆಗೆ ಕರೆಸಿಕೊಳ್ಳುವ ಮನೆಗಳಿಗೆ ಈ ನಿಯಮವನ್ನು ಅರ್ಜಿ ತುಂಬುವ ದಿನವೇ ಓದಿ ಹೇಳುವುದು ಅಧ್ಯಾಪಕರ ಕೆಲಸ.