ಉಗುರಿನಗಲದ ಗಣಕವೂ ನಮ್ಮ ಮಕ್ಕಳೂ

ಕೆಟ್ಟ ರೇಡಿಯೋವನ್ನು ಬಿಚ್ಚಿ ಅದರ ಹೊಟ್ಟೆಯೊಳಗೇನಿದೆಯೆಂದು ನೋಡುವ ಹುಡುಗನೊಬ್ಬ ಪ್ರತಿಯೊಂದು ಊರಿನಲ್ಲಿಯೂ ಇರುತ್ತಾನೆ. ಅಂಥ ಹುಡುಗರೂ ಹುಡುಗಿಯರೂ ಈಗ ‘ಆರ್ಡುಯಿನೊ’ ಎಂಬ ನೀಲಿ ಫಲಕವೊಂದನ್ನು ಕೊಡಿಸಿರೆಂದು ಮನೆಯಲ್ಲಿ ಹಟ ಹಿಡಿಯುತ್ತಾರೆ. ಇದು ಆಟಿಕೆಯೋ ವಿದ್ಯೆಯೋ ಎಂದು ತಂದೆತಾಯಂದಿರು ನಮ್ಮನ್ನು ಕೇಳುವುದುಂಟು. ಎರಡೂ ಹೌದೆಂಬುದು ನಮ್ಮ ಉತ್ತರ.

ಆ ಫಲಕದ ಮೇಲಿರುವ ಕಪ್ಪು ಬಿಲ್ಲೆಯೇ ಮೈಕ್ರೋಕಂಟ್ರೋಲರ್. ಲೆಕ್ಕ ಮಾಡುವ ಅಂಗ, ನೆನಪಿನ ಅಂಗ, ಹೊರಗಿನ ತಂತಿಗಳೊಡನೆ ವ್ಯವಹರಿಸುವ ಅಂಗ, ಎಲ್ಲವೂ ಆ ಒಂದೇ ಬಿಲ್ಲೆಯಲ್ಲಿ ಅಡಗಿವೆ. ‘ಊನೊ’ ಎಂಬ ಪ್ರಸಿದ್ಧ ಫಲಕದಲ್ಲಿ ಕ್ರಮವಿಧಿಯನ್ನು ಇಡಲು 32 ಕಿಲೋಬೈಟು, ಕೆಲಸದ ವೇಳೆ ಬಳಸಲು ಕೇವಲ 2 ಕಿಲೋಬೈಟು ಸ್ಥಳವಿದೆ. ಕಿಸೆಯಲ್ಲಿರುವ ಮೊಬೈಲಿನ ಒಂದು ಛಾಯಾಚಿತ್ರವೂ ಇದರಲ್ಲಿ ಹಿಡಿಯಲಾರದು. ಆದರೆ ಮಣ್ಣಿನ ತೇವವನ್ನು ಹಗಲಿರುಳೂ ನೋಡುತ್ತಿರಬೇಕೆಂದರೆ ಇಷ್ಟು ಧಾರಾಳವಾಗಿ ಸಾಕು.

ಇಂಥ ಬಿಲ್ಲೆಗಳು ಮೊದಲೂ ಇದ್ದವು. ಮಕ್ಕಳ ಕೈಗೆ ಎಟುಕುವ ಸಲಕರಣೆ ಇರಲಿಲ್ಲ. ಕ್ರಮವಿಧಿಯನ್ನು ಬಿಲ್ಲೆಯೊಳಗೆ ಇಳಿಸಲು ಬೇರೊಂದು ಉಪಕರಣ ಬೇಕಾಗಿತ್ತು. ಬರೆಯುವ ರೀತಿಯೂ ಕಠಿಣವಾಗಿತ್ತು. ಇಟಲಿಯ ಇವ್ರೆಯಾ ಪಟ್ಟಣದ ವಿನ್ಯಾಸ ವಿದ್ಯಾಸಂಸ್ಥೆಯಲ್ಲಿ 2003ರಲ್ಲಿ ಕೊಲಂಬಿಯಾ ದೇಶದ ವಿದ್ಯಾರ್ಥಿ ಎರ್ನಾಂಡೋ ಬಾರಗಾನ್ ತನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ‘ವೈರಿಂಗ್’ ಎಂಬ ಸುಲಭ ವ್ಯವಸ್ಥೆಯನ್ನು ರಚಿಸಿದನು. 2005ರಲ್ಲಿ ಅದೇ ಸಂಸ್ಥೆಯ ಮಾಸ್ಸಿಮೋ ಬಾಂಝಿ ಮತ್ತು ಸಂಗಡಿಗರು ಆ ತಳಹದಿಯ ಮೇಲೆ ಇನ್ನೂ ಅಗ್ಗದ ಆರ್ಡುಯಿನೊವನ್ನು ಕಟ್ಟಿದರು. ಲೋಕವು ಎರಡನೆಯದನ್ನು ಬಲ್ಲುದು, ಮೊದಲನೆಯವನನ್ನು ಬಹುಮಟ್ಟಿಗೆ ಮರೆತಿದೆ. ಮಕ್ಕಳಿಗೆ ಹೇಳುವಾಗ ಬಾರಗಾನನ ಹೆಸರನ್ನು ಬಿಡಬಾರದೆಂದು ನಮ್ಮ ಅಭಿಪ್ರಾಯ.

ಫಲಕದ ನಕ್ಷೆಯನ್ನೂ ತಂತ್ರಾಂಶವನ್ನೂ ಅವರು ಎಲ್ಲರಿಗೂ ಬಿಟ್ಟುಕೊಟ್ಟರು. ಹೆಸರನ್ನು ಮಾತ್ರ ಇತರರು ಬಳಸುವಂತಿಲ್ಲ. ಆದುದರಿಂದಲೇ ಅಗ್ಗದ ಪ್ರತಿಗಳು ಪೇಟೆಯಲ್ಲಿ ದೊರೆಯುತ್ತವೆ. ಕಲಿಯುವವರಿಗೆ ಅವೂ ಸಾಕು. ಅವುಗಳಲ್ಲಿ ಹಲವಕ್ಕೆ ‘ಸಿಎಚ್ 340’ ಎಂಬ ಸಂಪರ್ಕ ಬಿಲ್ಲೆ ಇರುತ್ತದೆ. ಗಣಕವು ಫಲಕವನ್ನು ಗುರುತಿಸದಿದ್ದರೆ ಆ ಬಿಲ್ಲೆಯ ಚಾಲಕ ತಂತ್ರಾಂಶವನ್ನು ಹಾಕಿ ನೋಡಬೇಕೇ ಹೊರತು ಫಲಕ ಕೆಟ್ಟಿದೆಯೆಂದು ಎಸೆಯಬಾರದು. 2025ರ ಅಕ್ಟೋಬರಿನಲ್ಲಿ ಅಮೆರಿಕದ ಕ್ವಾಲ್ಕಾಮ್ ಸಂಸ್ಥೆಯು ಆರ್ಡುಯಿನೊವನ್ನು ಕೊಳ್ಳುವುದಾಗಿ ಪ್ರಕಟಿಸಿದಾಗ ಹವ್ಯಾಸಿಗಳು ಕಳವಳಪಟ್ಟರು. ಆದರೆ ಮುಕ್ತ ಪರವಾನಗಿಯಲ್ಲಿ ಒಮ್ಮೆ ಕೊಟ್ಟುದನ್ನು ಯಾವ ಧಣಿಯೂ ಹಿಂದಕ್ಕೆ ಪಡೆಯಲಾರನು.

ಫಲಕವನ್ನು ಕೊಳ್ಳುವ ಮೊದಲೇ ಕಲಿಕೆಯನ್ನು ಆರಂಭಿಸಬಹುದು. ‘ವೋಕ್ವಿ’, ‘ಟಿಂಕರ್‌ಕ್ಯಾಡ್’ ಎಂಬ ತಾಣಗಳಲ್ಲಿ ಫಲಕ, ದೀಪ, ತಂತಿ ಎಲ್ಲವೂ ತೆರೆಯ ಮೇಲೆಯೇ ಇವೆ. ಅಲ್ಲಿ ಏನೂ ಸುಡುವುದಿಲ್ಲ, ಕಾಸೂ ಬೇಡ. ಮನೆಯಲ್ಲಿ 32 ಬಿಟ್ಟಿನ ಹಳೆಯ ಗಣಕವಿದ್ದರೆ ಆರ್ಡುಯಿನೊ ತಂತ್ರಾಂಶದ ಎರಡನೆಯ ಆವೃತ್ತಿ ನಡೆಯದು, 1.8.19ನೆಯ ಆವೃತ್ತಿಯನ್ನು ಹಾಕಿಕೊಳ್ಳಬೇಕು. ಕೇರಳದ ಕೈಟ್ ಸಂಸ್ಥೆಯು 2022ರ ಡಿಸೆಂಬರಿನಿಂದ ಪ್ರೌಢಶಾಲೆಗಳಿಗೆ ಕೊಡತೊಡಗಿದ ರೋಬೋಟಿಕ್ ಕಿಟ್ಟಿನಲ್ಲಿ ಈ ಫಲಕವೇ ಇದೆ. ಆದುದರಿಂದ ಕಾಸರಗೋಡಿನ ಮನೆಯವರು ಹಣ ತೆರುವ ಮುನ್ನ ಶಾಲೆಯ ಕಪಾಟಿನಲ್ಲಿ ಅದಿದೆಯೇ ಎಂದು ವಿಚಾರಿಸುವುದು ಲೇಸು.

ಅಡಕೆ ಬುಡದ ತೇವವನ್ನು ಅಳೆಯುವುದು ನಮ್ಮ ಕಡೆಯ ಮಕ್ಕಳಿಗೆ ಒಗ್ಗುವ ಪ್ರಯೋಗ. ಎರಡು ಕಾಲುಗಳ ಅಗ್ಗದ ತೇವಮಾಪಕದಲ್ಲಿ ಸದಾ ವಿದ್ಯುತ್ತು ಹರಿದರೆ ಲೋಹವು ಬೇಗನೆ ಸವೆದುಹೋಗುತ್ತದೆ. ಅಳೆಯುವ ಕ್ಷಣಕ್ಕಷ್ಟೇ ವಿದ್ಯುತ್ತು ಕೊಡುವಂತೆ ಬರೆಯಬೇಕು. ಫಲಕವು ಅಳತೆಯನ್ನು 0 ಯಿಂದ 1023ರ ವರೆಗಿನ ಅಂಕೆಯಾಗಿ ಹೇಳುತ್ತದೆ. ಒಣಮಣ್ಣಿಗೆ ಎಷ್ಟು, ನೆನೆದ ಮಣ್ಣಿಗೆ ಎಷ್ಟು ಎಂಬುದನ್ನು ಮಗುವೇ ತನ್ನ ತೋಟದಲ್ಲಿ ನೋಡಿ ಬರೆದುಕೊಳ್ಳಬೇಕು. ಪುಸ್ತಕದ ಅಂಕೆ ನಮ್ಮ ಮಣ್ಣಿಗೆ ಹೊಂದದು. ಫಲಕದ ಒಂದು ಕಾಲು ಕೊಡಬಲ್ಲುದು ಸುಮಾರು 20 ಮಿಲಿಆಂಪಿಯರ್ ಮಾತ್ರ. ಅದಕ್ಕೆ ಮೋಟರನ್ನು ನೇರವಾಗಿ ಜೋಡಿಸಬಾರದು. 230 ವೋಲ್ಟಿನ ಪಂಪಿನ ತಂತಿಗಂತೂ ಮಕ್ಕಳು ಕೈಹಾಕಲೇಕೂಡದು.

ಇನ್ನು ಭಾಷೆಯ ವಿಷಯ. ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿವೆ, ಅರ್ಥ ತಿಳಿಯದೆ ಅವುಗಳನ್ನು ಮಂತ್ರದಂತೆ ಉರುಹೊಡೆಯುವ ಮಕ್ಕಳನ್ನು ನಾವು ಕಂಡಿದ್ದೇವೆ. ಇದಕ್ಕೆ ಉಪಾಯವಿದೆ. ಎರಡು ಓರೆಗೆರೆಗಳನ್ನು ಎಳೆದರೆ ಆ ಸಾಲಿನಲ್ಲಿ ಮುಂದೆ ಬರೆದುದನ್ನೆಲ್ಲ ಯಂತ್ರವು ಬಿಟ್ಟುಬಿಡುತ್ತದೆ. ಅಲ್ಲಿ ‘ಈಗ ಮಣ್ಣನ್ನು ಅಳೆಯುತ್ತೇವೆ’ ಎಂದು ಕನ್ನಡದಲ್ಲಿಯೇ ಬರೆಯಿಸಬೇಕು. ಅದಕ್ಕೆ ಬಿಲ್ಲೆಯಲ್ಲಿ ಒಂದು ಬೈಟೂ ಖರ್ಚಾಗದು. ಯಂತ್ರವೇ ಕನ್ನಡದಲ್ಲಿ ಸಂದೇಶ ಕೊಡಬೇಕೆಂದರೆ ಮಾತ್ರ ಲೆಕ್ಕ ಬೇರೆ. ಕನ್ನಡದ ಒಂದೊಂದು ಲಿಪಿಚಿಹ್ನೆಗೂ 3 ಬೈಟು ಬೇಕು. ‘ನೀರು ಬೇಕು’ ಎಂಬುದಕ್ಕೆ ನಡುವಣ ತೆರಪೂ ಸೇರಿ 25. ಸಂದೇಶಗಳು ಹೆಚ್ಚಿದಂತೆ 2 ಕಿಲೋಬೈಟಿನ ಜಾಗ ಬೇಗನೆ ತುಂಬುತ್ತದೆ. ಆಗ ಸಂದೇಶವನ್ನು ‘ಎಫ್’ ಎಂಬ ಅಕ್ಷರದೊಡನೆ ಕಂಸದಲ್ಲಿಟ್ಟರೆ ಅದು 32 ಕಿಲೋಬೈಟಿನ ಉಗ್ರಾಣದಲ್ಲಿಯೇ ಉಳಿಯುತ್ತದೆ.

ಎರಡು ಸಾಲು, ಸಾಲಿಗೆ 16 ಅಕ್ಷರಗಳ ಅಗ್ಗದ ತೆರೆಗೆ ಕನ್ನಡ ಬಾರದು. ಆದರೆ ನಾವೇ ಬಿಡಿಸಿದ 8 ಅಕ್ಷರಗಳನ್ನು ಅದು ಸ್ವೀಕರಿಸುತ್ತದೆ. ಒಂದೊಂದು ಮನೆಯಲ್ಲಿ ಅಡ್ಡಕ್ಕೆ 5, ಉದ್ದಕ್ಕೆ 8 ಚುಕ್ಕೆಗಳು. ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಚುಕ್ಕೆ ತುಂಬಿಸಿ ನೋಡಿದಾಗ ‘ನೀ’ ಎಂಬುದು ಒಂದು ಮನೆಯಲ್ಲಿ ಹಿಡಿಯದೆ ಎರಡನ್ನು ಬೇಡಿತು; ‘ರು’, ‘ಬೇ’, ‘ಕು’ಗಳಿಗೂ ಎರಡೆರಡನ್ನೇ ಕೊಟ್ಟೆವು. ಎಂಟು ಮನೆಗಳೂ ಸರಿಯಾಗಿ ಮುಗಿದವು. ಮನೆಮನೆಯ ನಡುವಿನ ಸಣ್ಣ ಸಂದಿನಿಂದ ಅಕ್ಷರಗಳು ತುಸು ಸೀಳಿದಂತೆ ಕಾಣುತ್ತವೆ, ಓದಲು ಅಡ್ಡಿಯಿಲ್ಲ.